ಕಾಸರಗೋಡಿನಲ್ಲಿ ಮಗುವನ್ನು ಅಂಗನವಾಡಿಗೆ, ಪ್ರೀ-ಪ್ರೈಮರಿಗೆ ಸೇರಿಸುವ ಬಗೆ

ಮೊದಲೇ ಹೇಳಿಬಿಡುತ್ತೇನೆ: ಅಂಗನವಾಡಿಗೆ ಮಗುವನ್ನು ಸೇರಿಸಲು ನೀವು ಬಡವರೆಂದು ಯಾರಿಗೂ ತೋರಿಸಿಕೊಡಬೇಕಾಗಿಲ್ಲ. ವಿಲ್ಲೇಜ್ ಆಫೀಸಿನ ಇನ್‌ಕಮ್ ಸರ್ಟಿಫಿಕೇಟ್ ಬೇಡ. ರೇಷನ್ ಕಾರ್ಡ್ ಹಳದಿಯೋ, ಗುಲಾಬಿಯೋ, ನೀಲಿಯೋ, ಬಿಳಿಯೋ ಎಂಬ ಪ್ರಶ್ನೆಯೇ ಅಲ್ಲಿಲ್ಲ. ಮಗುವಿಗೆ ಮೂರು ತುಂಬಿರಬೇಕು, ಆರು ದಾಟಿರಬಾರದು, ಮನೆ ಆ ಅಂಗನವಾಡಿಯ ವ್ಯಾಪ್ತಿಯಲ್ಲಿರಬೇಕು. ಬೀಡಿ ಕಟ್ಟುವವರ ಮಗುವೂ ಗಲ್ಫಿನಲ್ಲಿರುವವರ ಮಗುವೂ ಒಂದೇ ಚಾಪೆಯ ಮೇಲೆ ಕೂರಬಹುದಾದ ಜಾಗ ಅದು.

ಇದು ಗೊತ್ತಿಲ್ಲದೆ ಎರಡು ಬಗೆಯವರು ಹಿಂದೆ ಸರಿಯುತ್ತಾರೆ. ಕಾರ್ಡ್ ಬಿಳಿಯಾಗಿರುವವರು "ಅದು ಬಿಪಿಎಲ್‌ನವರಿಗೆ, ನಮಗಲ್ಲ" ಎನ್ನುತ್ತಾರೆ. ನಿಜವಾಗಿ ಕಷ್ಟದಲ್ಲಿರುವವರು ಕಾಗದಪತ್ರ ಸರಿಯಿಲ್ಲವೆಂದು ಹೆದರಿ, ಸಾಲ ಮಾಡಿಯಾದರೂ ಎಲ್‌ಕೆಜಿ ವ್ಯಾನಿಗೆ ಮಗುವನ್ನು ಹತ್ತಿಸುತ್ತಾರೆ. ಮಂಜೇಶ್ವರ, ವರ್ಕಾಡಿ, ಪೈವಳಿಕೆ, ಎಣ್ಮಕಜೆ, ಕುಂಬಳೆ, ಬದಿಯಡ್ಕ, ಬೆಳ್ಳೂರು, ದೇಲಂಪಾಡಿ ಕಡೆಯ ಕನ್ನಡ ಮನೆಗಳನ್ನು ಮನಸ್ಸಿನಲ್ಲಿಟ್ಟು ಈ ಮಾರ್ಗದರ್ಶಿ ಬರೆದಿದ್ದೇನೆ. ತುಳು, ಕೊಂಕಣಿ, ಮರಾಠಿ, ಬ್ಯಾರಿ ಮಾತಾಡಿ ಕನ್ನಡದಲ್ಲಿ ಓದುವ ಮನೆಗಳೂ ಇದರಲ್ಲಿ ಸೇರಿದವು.

ಇದು ಯಾರ ದಯೆಯೂ ಅಲ್ಲ

ಅಂಗನವಾಡಿಯ ಹಿಂದಿರುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ನಮ್ಮ ಬಾಯಲ್ಲಿ ಐಸಿಡಿಎಸ್, ಶುರುವಾದದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಬ್ಲಾಕುಗಳಲ್ಲಿ. ಕೇರಳದಲ್ಲಿ ಮೊದಲು ಬಂದದ್ದು ಮಲಪ್ಪುರಂ ಜಿಲ್ಲೆಯ ವೇಂಙರಕ್ಕೆ. ಆಗ ಅದೊಂದು ಯೋಜನೆ ಮಾತ್ರ, ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಆಹಾರದ ಹಕ್ಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2001ರಲ್ಲೂ ಮತ್ತೆ 2006ರ ಡಿಸೆಂಬರಿನಲ್ಲೂ ಕೊಟ್ಟ ಆದೇಶಗಳು ಇದನ್ನು ಎಲ್ಲ ಮಕ್ಕಳಿಗೂ ಸಲ್ಲುವಂತೆ ಮಾಡಿದವು. ಆರು ವರ್ಷದೊಳಗಿನ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಜನವಸತಿಯವರು ಕೇಳಿದರೆ ಮೂರು ತಿಂಗಳೊಳಗೆ ಒಂದನ್ನು ಕೊಡಬೇಕೆಂದು 2006ರ ಆದೇಶದಲ್ಲೇ ಇದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಆರು ತಿಂಗಳಿಂದ ಆರು ವರ್ಷದವರೆಗಿನ ಮಗುವಿಗೆ ಅಂಗನವಾಡಿಯ ಮೂಲಕ ಉಚಿತ ಆಹಾರ ಕೊಡುವುದು ಕಾನೂನಿನ ಮಾತಾಯಿತು. ಕಾಯ್ದೆಯ 5ನೇ ಸೆಕ್ಷನ್ ಅದು. ಮುಂದೆ ಅರ್ಜಿ ಬರೆಯಬೇಕಾಗಿ ಬಂದರೆ ಈ ಸಂಖ್ಯೆ ಕೆಲಸಕ್ಕೆ ಬರುತ್ತದೆ.

ಹೆಜ್ಜೆ 1: ಮೂರು ತುಂಬುವ ಮೊದಲೇ ಹೆಸರು ಬರೆಸಿ

ಪ್ರವೇಶೋತ್ಸವಕ್ಕೆ ಬಲೂನು ಕಟ್ಟುವ ದಿನ ಮಗುವನ್ನು ಕರೆದುಕೊಂಡು ಹೋದರೆ ಸಾಕೆಂಬ ಅಂದಾಜು ಬಹಳ ಮಂದಿಗಿದೆ. ಹೋದರೆ ಸೇರಿಸಿಕೊಳ್ಳುತ್ತಾರೆ, ವರ್ಷದ ಯಾವ ತಿಂಗಳಲ್ಲಿ ಹೋದರೂ ಸೇರಿಸಿಕೊಳ್ಳಬೇಕು. ಆದರೆ ಅಂಗನವಾಡಿಯ ಸಂಬಂಧ ಶುರುವಾಗಬೇಕಾದದ್ದು ತಾಯಿ ಬಸುರಿಯಾಗಿರುವಾಗ. ಆಗ ಹೆಸರು ಬರೆಸಿದರೆ ತಾಯಿಗೆ ಆಹಾರ ಸಿಗುತ್ತದೆ. ಹುಟ್ಟಿದ ಮಗುವಿನ ಹೆಸರು ತಾನಾಗಿ ಅದರ ಕೆಳಗೆ ಬರುತ್ತದೆ. ಆರು ತಿಂಗಳಾದಾಗ ಅಮೃತಂ ಎಂಬ ಪೌಷ್ಟಿಕ ಪುಡಿ ಶುರು. ಮೂರು ತುಂಬಿದಾಗ ಮಗು ಚಾಪೆಗೆ ಬಂದು ಕೂತರೆ ಆಯಿತು, ಹೊಸ ಕಾಗದವೇ ಬೇಡ.

ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ ಅರ್ಜಿಯನ್ನೂ ಇದೇ ಹೊತ್ತಿಗೆ ಹಾಕಿ. ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000. ವರಮಾನ ನೋಡುವುದು ಇಲ್ಲಿ. ಮನೆಯ ವಾರ್ಷಿಕ ವರಮಾನ ಎಂಟು ಲಕ್ಷಕ್ಕಿಂತ ಕಡಿಮೆ ಇರುವುದು, ಬಿಪಿಎಲ್ ಕಾರ್ಡ್, ಉದ್ಯೋಗ ಖಾತರಿಯ ಜಾಬ್ ಕಾರ್ಡ್, ಇ-ಶ್ರಮ್ ಕಾರ್ಡ್, ಪರಿಶಿಷ್ಟ ಜಾತಿ ಅಥವಾ ಪಂಗಡದ ಸರ್ಟಿಫಿಕೇಟ್, ಹೀಗೆ ಪಟ್ಟಿಯಲ್ಲಿರುವ ಯಾವುದಾದರೊಂದು ಸಾಕು. ಜಾಬ್ ಕಾರ್ಡ್ ಇರುವವರು ಇನ್‌ಕಮ್ ಸರ್ಟಿಫಿಕೇಟಿಗೆ ಅಲೆಯಬೇಕಾಗಿಲ್ಲ.

ನಮ್ಮ ಕಡೆಯ ದೊಡ್ಡ ಸಮಸ್ಯೆ ಬೇರೆ. ಹೆರಿಗೆಗೆ ತವರಿಗೆ ಹೋಗುವುದು, ತವರು ಪುತ್ತೂರಿನಲ್ಲೋ ವಿಟ್ಲದಲ್ಲೋ ಇರುವುದು. ಅಲ್ಲಿನ ಅಂಗನವಾಡಿಯವರು ಒಳ್ಳೆಯ ಮನಸ್ಸಿನಿಂದಲೇ ಹೆಸರು ಬರೆದುಕೊಂಡಿರುತ್ತಾರೆ. ಈಗ ಲೆಕ್ಕವೆಲ್ಲ 2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್ ಎಂಬ ಆ್ಯಪಿನಲ್ಲಿ, ತಾಯಿಯ ಆಧಾರ್ ಮೇಲೆ. ದೇಶಕ್ಕೆಲ್ಲ ಅದೊಂದೇ ಆದ್ದರಿಂದ ಹೆಸರು ಎರಡು ರಾಜ್ಯದಲ್ಲಿ ನಿಲ್ಲುವುದಿಲ್ಲ. ಗಂಡನ ಮನೆಗೆ ಮರಳುವ ಮೊದಲು ಅಲ್ಲಿನ ಕಾರ್ಯಕರ್ತೆಗೆ ಹೇಳಿ ಹೆಸರನ್ನು ಇಲ್ಲಿಗೆ ವರ್ಗ ಮಾಡಿಸಿ. ಆ್ಯಪಿನಲ್ಲೇ ಅದಕ್ಕೆ ಅವಕಾಶವಿದೆ. ಮರೆತು ಬಂದಿದ್ದರೆ ಇಲ್ಲಿನ ಟೀಚರ್ ಹತ್ತಿರ ನಿಜ ಹೇಳಿ. "ಹೆಸರು ಹಿಡಿಯುವುದಿಲ್ಲ" ಎಂದು ಅವರು ತಲೆ ಕೆರೆದುಕೊಳ್ಳುವುದು ಸಾಮಾನ್ಯವಾಗಿ ಇದೇ ಕಾರಣಕ್ಕೆ.

ಇದು ಕೆಂಪುಕಲ್ಲಿನ ಕೋರೆಗೆ ಕೆಲಸಕ್ಕೆ ಬಂದಿರುವ ಉತ್ತರ ಕರ್ನಾಟಕದ ಕುಟುಂಬಗಳಿಗೂ ಅನ್ವಯಿಸುತ್ತದೆ. ಬಾಡಿಗೆ ಮನೆ, ಶೆಡ್ಡು, ಏನೇ ಇರಲಿ, ಈಗ ವಾಸವಿರುವ ಜಾಗದ ಅಂಗನವಾಡಿಯಲ್ಲಿ ಮಗುವಿಗೆ ಹಕ್ಕುಂಟು. ಊರಿನ ರೇಷನ್ ಕಾರ್ಡು ಇಲ್ಲಿಗೆ ಬಂದಿರಬೇಕೆಂದಿಲ್ಲ.

ಹೆಜ್ಜೆ 2: ಕಾಗದಗಳು, ಅದರಲ್ಲೂ ಮಂಗಳೂರಿನಲ್ಲಿ ಹುಟ್ಟಿದವರದ್ದು

ಕೈಯಲ್ಲಿ ಇರಬೇಕಾದದ್ದು ನಾಲ್ಕು: ಮಗುವಿನ ಜನನ ಪ್ರಮಾಣಪತ್ರ, ತಾಯಿಯ ಆಧಾರ್, ಚುಚ್ಚುಮದ್ದಿನ ಕಾರ್ಡು, ಓಡುತ್ತಿರುವ ಒಂದು ಫೋನ್ ನಂಬರ್. ಫೋಟೊ ಒಂದೆರಡು ಇದ್ದರೆ ಒಳ್ಳೆಯದು.

ಮಗುವಿನ ಆಧಾರ್ ಆಗಿಲ್ಲವೆಂದು ವಾಪಸು ಕಳುಹಿಸುವಂತಿಲ್ಲ. ತಾಯಿಯ ಆಧಾರ್ ಸಾಕೆಂದು ಕೇಂದ್ರ ಸರ್ಕಾರವೇ ಹೇಳಿದೆ. ಆಧಾರ್ ಇಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಸೌಲಭ್ಯ ತಪ್ಪಬಾರದೆಂದು 2018ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲೂ ಇದೆ. ಮಾಡಿಸುವುದಾದರೆ ಅಕ್ಷಯ ಎಂಬ ಸರ್ಕಾರಿ ಸೇವಾ ಕೇಂದ್ರದಲ್ಲಿ ಐದು ವರ್ಷದೊಳಗಿನವರಿಗೆ ಬೆರಳಚ್ಚು ತೆಗೆಯದೆ ನೀಲಿ ಬಾಲ ಆಧಾರ್ ಕೊಡುತ್ತಾರೆ. ಐದಾದ ಮೇಲೆ ಬೆರಳಚ್ಚು, ಕಣ್ಣಿನ ಗುರುತು ಕೊಟ್ಟು ಹೊಸದು ಮಾಡಿಸಬೇಕು.

ಜನನ ಪ್ರಮಾಣಪತ್ರದ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆಯಿಂದ ಪಾಸ್‌ಪೋರ್ಟಿನವರೆಗೆ ಹುಟ್ಟಿದ ದಿನಾಂಕಕ್ಕೆ ಅದೇ ಆಧಾರ. ಜನನ ನೋಂದಣಿ ಆಗುವುದು ಮಗು ಹುಟ್ಟಿದ ಊರಿನಲ್ಲಿ, ಮನೆಯಿರುವ ಊರಿನಲ್ಲಿ ಅಲ್ಲ. ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆಗೆ ಹೋಗುವ ನಮ್ಮವರ ಮಕ್ಕಳು ಲೆಕ್ಕದಲ್ಲಿ ಕರ್ನಾಟಕದಲ್ಲಿ ಹುಟ್ಟಿದವರು. ಅವರ ಪ್ರಮಾಣಪತ್ರ ಸಿಗುವುದು ಅಲ್ಲಿನ ನೋಂದಣಾಧಿಕಾರಿಯಿಂದ, ಕರ್ನಾಟಕದ ಇ-ಜನ್ಮ ವ್ಯವಸ್ಥೆಯಲ್ಲಿ. ಕೇರಳದ ಕೆ-ಸ್ಮಾರ್ಟ್‌ನಲ್ಲಿ ಎಷ್ಟು ಹುಡುಕಿದರೂ ಸಿಗದು, ಪಂಚಾಯತಿನವರನ್ನು ಬೈದು ಪ್ರಯೋಜನವಿಲ್ಲ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗಲೇ ಕೇಳಬೇಕಾದ ಪ್ರಶ್ನೆ: "ನೋಂದಣಿಗೆ ಕಳುಹಿಸಿದ್ದೀರಾ, ಎಲ್ಲಿಗೆ, ಯಾವಾಗ?"

ನೋಂದಣಿಗೆ ಸಾಮಾನ್ಯ ಅವಧಿ 21 ದಿನ. ಆಮೇಲೆ 30 ದಿನದವರೆಗೆ ತಡ ಶುಲ್ಕ, ಒಂದು ವರ್ಷದವರೆಗೆ ಮೇಲಧಿಕಾರಿಯ ಲಿಖಿತ ಅನುಮತಿ, ವರ್ಷ ಕಳೆದರೆ ಮ್ಯಾಜಿಸ್ಟ್ರೇಟರ ಆದೇಶ. ಮನೆಯಲ್ಲಿ ಹೆರಿಗೆಯಾದ ಕೊರಗ ಕುಟುಂಬಗಳ ಮಕ್ಕಳು ಈ ಕೊನೆಯ ಸಾಲಿಗೆ ಬೀಳುವ ಅಪಾಯ ಹೆಚ್ಚು. ಅವರು ಟ್ರೈಬಲ್ ಪ್ರಮೋಟರನ್ನು, ಅಂದರೆ ಪರಿಶಿಷ್ಟ ಪಂಗಡ ಇಲಾಖೆಯ ಊರಿನ ಸಹಾಯಕರನ್ನು, ಹಿಡಿಯುವುದು ಒಳ್ಳೆಯದು. ಹೆಸರಿಡುವ ಮೊದಲೇ ನೋಂದಣಿ ಮಾಡಬಹುದು. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಮುಂದೆ ಶುಲ್ಕ ಕಟ್ಟಿ ಸೇರಿಸಬಹುದು. ಸೇರಿಸುವಾಗ ಅಕ್ಷರ ನೋಡಿ. ಕನ್ನಡದ ಹೆಸರು ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಮಲಯಾಳಕ್ಕೆ ಬರುವಷ್ಟರಲ್ಲಿ ಮಗುವಿನ ಅಜ್ಜಿಗೇ ಗುರುತು ಸಿಗದ ಹಾಗಾಗುತ್ತದೆ. ಜನನ ಪ್ರಮಾಣಪತ್ರ, ಆಧಾರ್, ಚುಚ್ಚುಮದ್ದಿನ ಕಾರ್ಡು ಮೂರರಲ್ಲೂ ಇಂಗ್ಲಿಷ್ ಅಕ್ಷರ ಒಂದೇ ಇರಲಿ. ತಂದೆಯ ಇನಿಶಿಯಲ್ ಮುಂದೆಯೋ ಹಿಂದೆಯೋ ಎಂಬುದನ್ನೂ ಮೊದಲೇ ತೀರ್ಮಾನಿಸಿ.

ಪ್ರಮಾಣಪತ್ರ ಇನ್ನೂ ಬಂದಿಲ್ಲವೇ? ಹಾಗೆಂದು ಮಗುವನ್ನು ಮನೆಯಲ್ಲಿ ಕೂರಿಸಬೇಡಿ. ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ತಾಯಿ ಕಾರ್ಡು ತೋರಿಸಿ ಸೇರಿಸಿ. ಒಂದನೇ ತರಗತಿಗಂತೂ ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸಬಾರದೆಂದು ಶಿಕ್ಷಣ ಹಕ್ಕು ಕಾಯ್ದೆಯ 14ನೇ ಸೆಕ್ಷನ್ ಹೇಳುತ್ತದೆ.

ಹೆಜ್ಜೆ 3: ಅಂಗನವಾಡಿಯೋ, ಶಾಲೆಯ ಪ್ರೀ-ಪ್ರೈಮರಿಯೋ?

ಅಂಗನವಾಡಿ ನಡೆಸುವುದು ವನಿತಾ ಶಿಶು ಅಭಿವೃದ್ಧಿ ಇಲಾಖೆ, ಕಟ್ಟಡ ಮತ್ತಿತರ ಅನುಕೂಲಗಳಲ್ಲಿ ಪಂಚಾಯತಿನ ಕೈಯೂ ಉಂಟು. ಬೆಳಗ್ಗೆ ಒಂಬತ್ತೂವರೆಯಿಂದ ಮೂರೂವರೆಯವರೆಗೆ. ಫೀಸಿಲ್ಲ. ಸರ್ಕಾರಿ ಮತ್ತು ಐಡೆಡ್ (ಅನುದಾನಿತ) ಎಲ್‌ಪಿ, ಯುಪಿ, ಎಂದರೆ ಕಿರಿಯ, ಹಿರಿಯ ಪ್ರಾಥಮಿಕ ಶಾಲೆಗಳ ಜೊತೆಗಿರುವ ಪ್ರೀ-ಪ್ರೈಮರಿಯದ್ದು ಬೇರೆ ಕತೆ. ಅದು ಶಿಕ್ಷಣ ಇಲಾಖೆಯ ಕಡೆಗೆ ಸೇರಿದ್ದಾದರೂ ಬಹಳ ಕಡೆ ನಡೆಯುವುದು ಪಿಟಿಎಯ, ಎಂದರೆ ಶಿಕ್ಷಕ-ಪೋಷಕರ ಸಂಘದ, ಬಲದಲ್ಲಿ. ಟೀಚರಿಗೂ ಆಯಾಗೂ ಸರ್ಕಾರದ ಗೌರವಧನ ಇಲ್ಲದ ಕಡೆ ಪಿಟಿಎ ತಿಂಗಳಿಗಿಷ್ಟೆಂದು ಮನೆಯವರಿಂದ ಸಂಗ್ರಹಿಸುತ್ತದೆ. ಸರ್ಕಾರಿ ಶಾಲೆ ಎಂದರೆ ಪೂರ್ತಿ ಉಚಿತ ಎಂದು ತಿಳಿದು ಹೋದವರಿಗೆ ಅಲ್ಲಿ ಆಶ್ಚರ್ಯವಾಗುತ್ತದೆ. ಸೇರಿಸುವ ಮೊದಲು ಮುಖ್ಯೋಪಾಧ್ಯಾಯರಲ್ಲಿ ನೇರವಾಗಿ ಕೇಳಿ: ತಿಂಗಳಿಗೆ ಎಷ್ಟು, ರಶೀದಿ ಉಂಟೇ, ಕೊಡಲಾಗದವರಿಗೆ ರಿಯಾಯಿತಿ ಉಂಟೇ. ಕಷ್ಟವಿದ್ದರೆ ಪಿಟಿಎ ಅಧ್ಯಕ್ಷರ ಹೆಸರಿಗೆ ಅರ್ಧ ಪುಟದ ಅರ್ಜಿ ಕೊಡಿ. ಬಡ ಕುಟುಂಬಗಳಿಗಿರುವ ಹಳದಿ ಅಥವಾ ಗುಲಾಬಿ ಕಾರ್ಡಿನ ಪ್ರತಿ ಪ್ರಯೋಜನಕ್ಕೆ ಬರುವುದು ಇಂಥಲ್ಲಿ.

ಪ್ರೀ-ಪ್ರೈಮರಿಯ ಅನುಕೂಲಗಳೂ ಸಣ್ಣವಲ್ಲ. ಸಮಗ್ರ ಶಿಕ್ಷಾ ಕೇರಳದವರು ಆಯ್ದ ಶಾಲೆಗಳಲ್ಲಿ ವರ್ಣಕೂಡಾರಂ ಎಂಬ ಹೆಸರಿನಲ್ಲಿ ಆಟ, ಮರಳು, ಗೊಂಬೆ, ಹಾಡು, ಹಸಿರು ಎಂದು ಬೇರೆ ಬೇರೆ ಮೂಲೆಗಳನ್ನು ಮಾಡಿ ತರಗತಿಯ ರೂಪವನ್ನೇ ಬದಲಿಸಿದ್ದಾರೆ. ಅಂಥ ಶಾಲೆ ಹತ್ತಿರವಿದ್ದರೆ ಒಮ್ಮೆ ಹೋಗಿ ನೋಡಿ ಬನ್ನಿ. ಮಧ್ಯಾಹ್ನದ ಊಟವೂ ಸಿಗುತ್ತದೆ. 2021ರಲ್ಲಿ ಶಾಲೆಯ ಬಿಸಿಯೂಟ ಯೋಜನೆಯ ಹೆಸರು ಪಿಎಂ ಪೋಷಣ್ ಎಂದು ಬದಲಾದಾಗಲೇ ಸರ್ಕಾರಿ, ಐಡೆಡ್ ಶಾಲೆಗಳ ಪೂರ್ವ ಪ್ರಾಥಮಿಕ ಮಕ್ಕಳನ್ನೂ ಅದರೊಳಗೆ ತಂದರು.

ನನ್ನ ಅಭಿಪ್ರಾಯ ಕೇಳಿದರೆ: ಮೂರರಿಂದ ನಾಲ್ಕರವರೆಗೆ ಮನೆಯ ಹತ್ತಿರದ ಅಂಗನವಾಡಿಯೇ ಒಳ್ಳೆಯದು. ನಡೆದು ಹೋಗುವ ದೂರ, ನಿದ್ದೆಗೆ ಬಿಡುವು, ತೂಕ ನೋಡುವವರಿದ್ದಾರೆ, ಊಟ ಉಂಟು. ಕೊನೆಯ ಒಂದು ವರ್ಷ, ಮುಂದೆ ಓದಲಿರುವ ಶಾಲೆಯ ಪ್ರೀ-ಪ್ರೈಮರಿಗೆ ಕಳುಹಿಸಿದರೆ ಮಗುವಿಗೆ ಜಾಗವೂ ಮುಖಗಳೂ ಪರಿಚಯವಾಗುತ್ತವೆ. ಮೂರು ವರ್ಷದ ಮಗುವಿಗೆ ಟೈ ಕಟ್ಟಿ, ನಾಲ್ಕು ಗೆರೆ ಪುಸ್ತಕದಲ್ಲಿ ಎ ಬಿ ಸಿ ಬರೆಸಿ, ಅದಕ್ಕೆ ವ್ಯಾನ್ ಫೀಸೂ ಕೊಡುವುದರಲ್ಲಿ ನನಗೆ ಯಾವ ಲಾಭವೂ ಕಾಣುವುದಿಲ್ಲ.

ಕೂಲಿಗೆ ಹೋಗುವ ತಾಯಂದಿರಿಗೆ ಮೂರೂವರೆ ಗಂಟೆಯ ತನಕದ ಅಂಗನವಾಡಿ ಸಾಲದು. ಅಂಥವರು ಪಾಲ್ನಾ ಯೋಜನೆಯ ಅಂಗನವಾಡಿ-ಕಮ್-ಕ್ರೆಶ್ (ಶಿಶುಪಾಲನೆಯೂ ಇರುವ ಅಂಗನವಾಡಿ) ತಮ್ಮ ಬ್ಲಾಕಿನಲ್ಲಿ ಎಲ್ಲಿದೆ ಎಂದು ಐಸಿಡಿಎಸ್ ಆಫೀಸಿನಲ್ಲಿ ಕೇಳಿ. ಆರು ತಿಂಗಳಿಂದ ಆರು ವರ್ಷದವರಿಗೆ ಅದು, ತಾಯಿ ಕೆಲಸಕ್ಕೆ ಹೋಗುವ ದಾಖಲೆ ಬೇಕೆಂದಿಲ್ಲ. ಪರಿಶಿಷ್ಟ ಜಾತಿ ಅಭಿವೃದ್ಧಿ ಇಲಾಖೆಯೂ ಕೇರಳದಲ್ಲಿ ಕೆಲವು ನರ್ಸರಿ ಶಾಲೆಗಳನ್ನು ನಡೆಸುತ್ತದೆ. ಹತ್ತಿರ ಇದೆಯೇ ಎಂದು ಬ್ಲಾಕಿನ ಪರಿಶಿಷ್ಟ ಜಾತಿ ಅಭಿವೃದ್ಧಿ ಕಚೇರಿಯಲ್ಲಿ ತಿಳಿಯಬಹುದು.

ಹೆಜ್ಜೆ 4: ಊಟದ ಲೆಕ್ಕ ನಿಮಗೂ ಗೊತ್ತಿರಲಿ

ಆರು ತಿಂಗಳಿಂದ ಮೂರು ವರ್ಷದವರಿಗೆ ಮನೆಗೆ ಕೊಡುವುದು ಅಮೃತಂ ನ್ಯೂಟ್ರಿಮಿಕ್ಸ್. ದಿನಕ್ಕೆ 135 ಗ್ರಾಮಿನಂತೆ 25 ದಿನಕ್ಕೆ, ಎಂದರೆ ತಿಂಗಳಿಗೆ 3.375 ಕಿಲೋ. ಗೋಧಿ, ಕಡಲೆ, ಸೋಯಾ, ನೆಲಗಡಲೆ, ಸಕ್ಕರೆ ಅದರಲ್ಲಿರುವುದು, ತಯಾರಿಸುವವರು ಕೇರಳದ ಸ್ತ್ರೀಶಕ್ತಿ ಸಂಘಗಳ ಜಾಲವಾದ ಕುಟುಂಬಶ್ರೀಯ ಹೆಂಗಸರು. ರಾಜ್ಯದ ಮಕ್ಕಳೆಲ್ಲ ತಿನ್ನುವ ಈ ಪುಡಿಯ ಪಾಕ ಸಿದ್ಧವಾದದ್ದು ನಮ್ಮ ಕಾಸರಗೋಡಿನ ಸಿಪಿಸಿಆರ್‌ಐಯಲ್ಲಿ, ತೆಂಗು ಅಡಿಕೆಯ ಸಂಶೋಧನೆಗೆ ಹೆಸರಾದ ಅದೇ ಸಂಸ್ಥೆಯಲ್ಲಿ. ನೆಲಗಡಲೆ ಆಗದ ಮಕ್ಕಳಿದ್ದರೆ ಟೀಚರಿಗೆ ಹೇಳಿ. ಮನೆಯಲ್ಲಿ ಇದನ್ನು ದೊಡ್ಡವರ ತಿಂಡಿಗೆ, ಲಡ್ಡಿಗೆ ಬಳಸುವುದನ್ನು ಎಲ್ಲರೂ ನೋಡಿದ್ದೇವೆ. ಅಳೆದಿರುವುದು ಮಾತ್ರ ಒಂದು ಮಗುವಿಗೆ.

2025ರ ಜುಲೈಯಿಂದ ಈ ಮನೆ ರೇಷನ್ನಿಗೆ ಮುಖ ಗುರುತಿಸುವ ಕ್ರಮ ಬಂದಿದೆ. ಹೆಸರು ಬರೆಸಿದವರ ಮುಖವನ್ನು ಫೋನಿನಲ್ಲಿ ಹಿಡಿಯುತ್ತಾರೆ, ನಂಬರಿಗೆ ಒಟಿಪಿ ಬರುತ್ತದೆ. ಸಿಮ್ ಬದಲಿಸಿದ್ದರೆ, ಆ ಫೋನು ಗಂಡನ ಜೊತೆ ದುಬೈಯಲ್ಲಿದ್ದರೆ, ಸರಿಪಡಿಸಿಕೊಳ್ಳಿ. ಅಜ್ಜಿಯ ಕೈಗೆ ಕೊಟ್ಟು ಕಳುಹಿಸಿ ಎನ್ನುವ ಕಾಲ ಹೋಯಿತು.

ಮೂರು ದಾಟಿದವರಿಗೆ ಅಲ್ಲೇ ಬೆಳಗಿನ ತಿಂಡಿ, ಬಿಸಿ ಊಟ. 2022ರಲ್ಲಿ ಪೋಷಕ ಬಾಲ್ಯಂ ಯೋಜನೆಯಲ್ಲಿ ವಾರಕ್ಕೆ ಎರಡು ದಿನ ಹಾಲು, ಎರಡು ದಿನ ಮೊಟ್ಟೆ ಶುರುವಾಯಿತು. ಉಪ್ಪಿಟ್ಟು ಬೇಡ, ಬಿರಿಯಾನಿ ಬೇಕೆಂದು ಆಲಪ್ಪುಳದ ಕಡೆಯ ಒಬ್ಬ ಪುಟ್ಟ ಹುಡುಗ ಹೇಳಿದ ವಿಡಿಯೋ ಎಲ್ಲರ ಫೋನಿಗೂ ಬಂದಿತ್ತಲ್ಲ, ಅದರ ಬೆನ್ನಿಗೇ 2025ರ ಜೂನ್‌ನಲ್ಲಿ ಮೆನು ಬದಲಾಗಿ ಮೊಟ್ಟೆ ಬಿರಿಯಾನಿ ಸೇರಿತು, ಸಕ್ಕರೆ ಉಪ್ಪು ಕಡಿಮೆಯಾಯಿತು. ಮೊಟ್ಟೆ ತಿನ್ನದ ಮನೆಯವರು ಸೇರಿಸುವ ದಿನವೇ ತಿಳಿಸಿ. ಮೆನು ಗೋಡೆಯ ಮೇಲಿದೆಯೇ ನೋಡಿ, ಮಲಯಾಳದಲ್ಲಿ ಮಾತ್ರ ಇದ್ದರೆ ಕನ್ನಡದಲ್ಲೂ ಬರೆಯಲು ಹೇಳಿ.

ಹೆಜ್ಜೆ 5: ಕೋಣೆಯೊಳಗಿನ ಭಾಷೆ

ನಮ್ಮ ಕಡೆ ವರಮಾನಕ್ಕಿಂತ ಹೆಚ್ಚು ಚೌಕಾಸಿ ಮಾಡಬೇಕಾದ ವಿಷಯ ಇದು. ಮಗು ಮನೆಯಲ್ಲಿ ತುಳು ಆಡುತ್ತದೆ, ಅಂಗಡಿಯಲ್ಲಿ ಮಲಯಾಳ ಕೇಳುತ್ತದೆ, ಓದಬೇಕಾದದ್ದು ಕನ್ನಡ. ಮೂರನ್ನೂ ಕಲಿಯುವ ಶಕ್ತಿ ಆ ವಯಸ್ಸಿನ ಮಗುವಿಗೆ ಉಂಟು, ಅದಕ್ಕೆ ಹೆದರಬೇಕಾಗಿಲ್ಲ. ಹೆದರಬೇಕಾದದ್ದು "ಮೂತ್ರ ಬರ್ತದೆ" ಎಂದು ಮಗು ಹೇಳಿದಾಗ ಟೀಚರಿಗಾಗಲಿ ಹೆಲ್ಪರಿಗಾಗಲಿ ಅರ್ಥವಾಗದ ಕೋಣೆಗೆ. ಅಂಥ ಕೋಣೆಯಲ್ಲಿ ಮಗು ಮೊದಲು ಮಾತು ನಿಲ್ಲಿಸುತ್ತದೆ, ಆಮೇಲೆ ಹೋಗುವುದನ್ನೇ.

ಹಾಗಾಗಿ ಸೇರಿಸುವ ಮೊದಲು ಒಂದು ಬೆಳಗ್ಗೆ ಹೋಗಿ ಅರ್ಧ ಗಂಟೆ ಕೂತು ಬನ್ನಿ. ಹಾಡು ಯಾವ ಭಾಷೆಯಲ್ಲಿ, ಬೈಗುಳ ಯಾವ ಭಾಷೆಯಲ್ಲಿ, ಚಾರ್ಟು ಯಾವ ಲಿಪಿಯಲ್ಲಿ ಎಂದು ನೋಡಿ. ರಾಜ್ಯದ ಅಂಗನವಾಡಿಗಳ ಚಟುವಟಿಕೆ ಪುಸ್ತಕ ಅಂಗಣಪ್ಪೂಮಳ. ನಿಮ್ಮ ಅಂಗನವಾಡಿಗೆ ಕನ್ನಡದ ಪುಸ್ತಕ ಬೇಕೆಂದು ಟೀಚರ್ ಮೂಲಕ ಬೇಡಿಕೆ ಬರೆಸಿ. ಟೀಚರಿಗೆ ಕನ್ನಡ ಬಾರದಿದ್ದರೂ ಹೆಲ್ಪರ್ ಊರಿನವರಾಗಿದ್ದರೆ ಅರ್ಧ ಕಷ್ಟ ಕಳೆಯಿತು. ಇಬ್ಬರಿಗೂ ಬಾರದಿದ್ದರೆ ಜಗಳಕ್ಕೆ ನಿಲ್ಲಬೇಡಿ. ಅವರೇನೂ ಬೇಕೆಂದು ಹಾಗೆ ಮಾಡುವವರಲ್ಲ. ಮಾತಾಡಬೇಕಾದದ್ದು ವಾರ್ಡ್ ಮೆಂಬರ್ ಜೊತೆ, ಅಂಗನವಾಡಿಯ ಮೇಲ್ವಿಚಾರಣಾ ಸಮಿತಿಗೆ ಅಧ್ಯಕ್ಷರು ಅವರೇ. ನಾಲ್ಕಾರು ತಾಯಂದಿರು ಒಟ್ಟಾಗಿ ಸಹಿ ಹಾಕಿದ ಅರ್ಜಿಯನ್ನು ಸಮಿತಿಗೂ ಒಂದು ಪ್ರತಿಯನ್ನು ಬ್ಲಾಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೂ ಕೊಡಿ.

ಹಿಡಿಯಲು ಕಾನೂನಿನ ಕೊಂಬೆಗಳು ಉಂಟು. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸುವ ಅನುಕೂಲ ಮಾಡಬೇಕೆನ್ನುವ ಸಂವಿಧಾನದ 350ಎ ವಿಧಿ ಸೇರಿದ್ದು 1956ರ ಏಳನೇ ತಿದ್ದುಪಡಿಯಲ್ಲಿ. ಕಾಸರಗೋಡು ಕೇರಳಕ್ಕೆ ಸೇರಿದ್ದೂ ಅದೇ ವರ್ಷ ನವೆಂಬರ್ 1ರಂದು. ಗಡಿ ಎಳೆದಾಗ ಆಚೆ ಈಚೆ ಉಳಿದವರನ್ನು ಕಂಡೇ ಮಾಡಿದ ವಿಧಿ ಅದು. ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ನಿನಲ್ಲೂ ಸಾಧ್ಯವಾದಷ್ಟು ಮಾತೃಭಾಷೆಯೇ ಮಾಧ್ಯಮವಾಗಬೇಕೆಂದಿದೆ. ಇವೆರಡೂ ಶಾಲೆಯ ಮಾತು. ಅಂಗನವಾಡಿಗೆ ನೇರವಾಗಿ ಹತ್ತುವುದು 2024ರಲ್ಲಿ ಕೇಂದ್ರದ ಮಹಿಳಾ ಮಕ್ಕಳ ಸಚಿವಾಲಯ ಮೂರರಿಂದ ಆರರ ಮಕ್ಕಳಿಗೆಂದು ತಂದ ಆಧಾರಶಿಲಾ ಪಠ್ಯಕ್ರಮ ಮತ್ತು 2020ರ ರಾಷ್ಟ್ರೀಯ ಶಿಕ್ಷಣ ನೀತಿ. ಮನೆಮಾತಿಗೆ ಒತ್ತು ಎರಡರಲ್ಲೂ ಉಂಟು. ಅರ್ಜಿಯಲ್ಲಿ ಇವನ್ನು ಹೆಸರಿಸಿ.

ಇನ್ನೊಂದು, ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿ. ಹತ್ತಿರದ ಕನ್ನಡ ಮಾಧ್ಯಮದ ಒಂದನೇ ತರಗತಿ ಯಾವ ಶಾಲೆಯಲ್ಲಿದೆ, ಅಲ್ಲಿ ಪ್ರೀ-ಪ್ರೈಮರಿಗೂ ಕನ್ನಡ ಬಲ್ಲ ಟೀಚರ್ ಇದ್ದಾರೆಯೇ ಎಂದು ಮಗುವಿಗೆ ನಾಲ್ಕು ತುಂಬುವಾಗಲೇ ತಿಳಿದಿಟ್ಟುಕೊಳ್ಳಿ. ಶಾಲೆಗಳ ಹುದ್ದೆ ನಿರ್ಧಾರವಾಗುವುದು ವರ್ಷಾರಂಭದ ಆರನೇ ಕೆಲಸದ ದಿನದ ತಲೆಲೆಕ್ಕದಲ್ಲಿ. ಆಮೇಲೆ ಬಂದು ಸೇರಿದ ಮಗು ಕನ್ನಡ ಡಿವಿಷನ್ ಉಳಿಸುವ ಲೆಕ್ಕಕ್ಕೆ ಬರುವುದಿಲ್ಲ.

ಹೆಜ್ಜೆ 6: ಬೆಳವಣಿಗೆಯಲ್ಲಿ ತಡ ಕಂಡರೆ

ಎರಡು ವರ್ಷವಾದರೂ ಮಾತಿಲ್ಲ, ನಡಿಗೆ ತಡ, ಕರೆದರೆ ತಿರುಗುವುದಿಲ್ಲ ಎಂದಾದರೆ "ನಮ್ಮ ಮಾವನೂ ಹೀಗೇ ಇದ್ದರು, ಸರಿಹೋಗ್ತದೆ" ಎಂದು ಕಾಯಬೇಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳ ತಪಾಸಣೆ ಉಚಿತ. ಅಲ್ಲಿ ಸಂಶಯ ಬಂದರೆ ಜಿಲ್ಲೆಯ ಡಿಇಐಸಿಗೆ, ಅಂದರೆ ಬೇಗ ಗುರುತಿಸಿ ಥೆರಪಿ ಕೊಡುವ ಕೇಂದ್ರಕ್ಕೆ, ಕಳುಹಿಸುತ್ತಾರೆ. ದಾರಿ ಕೇಳಲು ಪ್ರಾಥಮಿಕ ಆರೋಗ್ಯ ಕೇಂದ್ರವೋ 1056 ದಿಶಾ ಸಹಾಯವಾಣಿಯೋ ಸಾಕು. ಅಂಗವೈಕಲ್ಯ ಇರುವ ಮಗುವನ್ನೂ ಅಂಗನವಾಡಿ ಸೇರಿಸಿಕೊಳ್ಳಬೇಕು, ಅದಕ್ಕೆಂದೇ 2023ರಲ್ಲಿ ಕೇಂದ್ರ ಒಂದು ಕಾರ್ಯವಿಧಾನ ಹೊರಡಿಸಿದೆ.

ಎಣ್ಮಕಜೆ, ಕುಂಬಡಾಜೆ, ಬೆಳ್ಳೂರು, ಬದಿಯಡ್ಕ, ಮುಳಿಯಾರು, ಕಾರಡ್ಕ ಪಂಚಾಯತುಗಳವರಿಗೆ ಇದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ ಎರಡು ದಶಕ ಆಕಾಶದಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕ 2000ದಲ್ಲಿ ನಿಂತಿತು, ಅದರ ಗಾಯ ನಿಂತಿಲ್ಲ. ಬೌದ್ಧಿಕ ಬೆಳವಣಿಗೆಯ ತೊಂದರೆ ಇರುವ 18ರೊಳಗಿನವರಿಗೆ ಪಂಚಾಯತ್ ಮತ್ತು ಕುಟುಂಬಶ್ರೀ ಸೇರಿ ನಡೆಸುವ ಬಡ್ಸ್ ಶಾಲೆಗಳಿವೆ, ಪೆರ್ಲದಲ್ಲಿರುವುದು ಅಂಥದ್ದೊಂದು. ಅಂಗವೈಕಲ್ಯದ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡನ್ನು ಅಕ್ಷಯದ ಮೂಲಕ ಬೇಗ ಮಾಡಿಸಿ, ಮುಂದಿನ ಎಲ್ಲ ಸಹಾಯಕ್ಕೂ ಅದೇ ಬೇಕು.

ಹೆಜ್ಜೆ 7: ಖಾಸಗಿ ಶಾಲೆಯ 25 ಶೇಕಡಾ ಸೀಟು, ಒಂದನೇ ತರಗತಿಯ ವಯಸ್ಸು

ಖಾಸಗಿ ಶಾಲೆಗಳು ಪ್ರವೇಶ ಹಂತದ ಕಾಲು ಭಾಗ ಸೀಟನ್ನು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಬಿಡಬೇಕು, ಎಲ್‌ಕೆಜಿ ಇದ್ದರೆ ಅಲ್ಲಿಂದಲೇ ಬಿಡಬೇಕು ಎಂಬುದು ಶಿಕ್ಷಣ ಹಕ್ಕು ಕಾಯ್ದೆಯ 12ನೇ ಸೆಕ್ಷನ್. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಇದು ಅನ್ವಯಿಸದು. ಕರ್ನಾಟಕದ ಹಾಗೆ ಆನ್‌ಲೈನ್ ಅರ್ಜಿ, ಲಾಟರಿ ಕೇರಳದಲ್ಲಿ ನಡೆದು ಬಂದಿಲ್ಲ. ಕರ್ನಾಟಕದ ಕಡೆ ಪ್ರಯತ್ನಿಸೋಣವೆಂದರೆ ಅಲ್ಲಿ ಶಾಲೆಯ ನೆರೆಹೊರೆಯ ವಿಳಾಸವೇ ಬೇಕು, ಮೇಲಾಗಿ 2019ರಿಂದ ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದಲ್ಲಿ ಆ ಸೀಟೇ ಇಲ್ಲ. ಗಡಿಯ ಈಚೆಗಿರುವ ಹೊಸಂಗಡಿಯ ವಿಳಾಸ ಇಟ್ಟುಕೊಂಡು ಅದಕ್ಕೆ ಓಡಾಡುವುದು ದಂಡ.

ಕೇರಳದಲ್ಲಿ ಐದು ತುಂಬಿದರೆ ಒಂದನೇ ತರಗತಿ ಎಂಬುದು ಹಳೆಯ ರೂಢಿ. 2026-27ರಿಂದ ಆರು ವರ್ಷ ಎಂದು ಶಿಕ್ಷಣ ಸಚಿವರು 2025ರ ಮಾರ್ಚ್‌ನಲ್ಲಿ ಪ್ರಕಟಿಸಿದ್ದಾರೆ. ಆಯಾ ವರ್ಷದ ಆದೇಶವನ್ನು ಮುಖ್ಯೋಪಾಧ್ಯಾಯರಲ್ಲೋ ಎಇಓ (ಸಹಾಯಕ ಶಿಕ್ಷಣಾಧಿಕಾರಿ) ಕಚೇರಿಯಲ್ಲೋ ಕೇಳಿಯೇ ಮಗುವಿನ ಕೊನೆಯ ಅಂಗನವಾಡಿ ವರ್ಷವನ್ನು ತೀರ್ಮಾನಿಸಿ. ಪ್ರವೇಶಕ್ಕೆ ಮಗುವಿಗೂ ಅಪ್ಪ ಅಮ್ಮನಿಗೂ ಪರೀಕ್ಷೆ, ಸಂದರ್ಶನ ಮಾಡುವುದು, ಡೊನೇಶನ್ ಕೇಳುವುದು ಎರಡೂ ಕಾನೂನುಬಾಹಿರ.

ಸೇರಿಸಿಕೊಳ್ಳಲಿಲ್ಲವಾದರೆ

ಮೊದಲು ಐಸಿಡಿಎಸ್ ಸೂಪರ್‌ವೈಸರಿಗೆ ಫೋನ್ ಮಾಡಿ, ಅವರ ನಂಬರ್ ಅಂಗನವಾಡಿಯಲ್ಲೇ ಸಿಗುತ್ತದೆ. ಮುಕ್ಕಾಲು ಪಾಲು ವಿಷಯ ಅಲ್ಲೇ ಮುಗಿಯುತ್ತದೆ. ಮುಗಿಯದಿದ್ದರೆ ಬ್ಲಾಕಿನ ಯೋಜನಾಧಿಕಾರಿ, ಅವರ ಮೇಲೆ ಜಿಲ್ಲಾ ಅಧಿಕಾರಿ, ಕೊನೆಗೆ ವಿದ್ಯಾನಗರದ ಸಿವಿಲ್ ಸ್ಟೇಷನ್ನಿನಲ್ಲಿ ಕಲೆಕ್ಟರ್. ಊಟದ ದೂರಾದರೆ ಆಹಾರ ಭದ್ರತಾ ಕಾಯ್ದೆಯಡಿ ಜಿಲ್ಲಾ ಕುಂದುಕೊರತೆ ಅಧಿಕಾರಿಯೂ ರಾಜ್ಯ ಆಹಾರ ಆಯೋಗವೂ ಉಂಟು. ಬಾಯಿಮಾತು ಬೇಡ, ಬರಹದಲ್ಲಿ ಕೊಡಿ. ಕನ್ನಡದಲ್ಲೇ ಕೊಡಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಸರ್ಕಾರಿ ಕಚೇರಿಗಳಿಗೆ ನಾವು ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಹೀಗೆ ಬರೆದರೆ ಸಾಕು:

"ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರಿಗೆ. ಮಾನ್ಯರೇ, ನಾನು ____ ಗ್ರಾಮ ಪಂಚಾಯತಿನ ____ನೇ ವಾರ್ಡಿನಲ್ಲಿ ವಾಸವಾಗಿದ್ದೇನೆ. ನನ್ನ ಮಗು ____, ಹುಟ್ಟಿದ ದಿನಾಂಕ ____. ದಿನಾಂಕ ____ರಂದು ____ ಅಂಗನವಾಡಿಗೆ ಸೇರಿಸಲು ಹೋದಾಗ ____ ಎಂಬ ಕಾರಣ ಹೇಳಿ ಸೇರಿಸಿಕೊಳ್ಳಲಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 5ನೇ ಸೆಕ್ಷನ್ನಿನಂತೆ ಮಗುವಿಗೆ ಅಂಗನವಾಡಿಯ ಆಹಾರ ಪಡೆಯುವ ಹಕ್ಕಿದೆ. ಕೂಡಲೇ ಸೇರಿಸಿಕೊಳ್ಳಲು ನಿರ್ದೇಶನ ನೀಡಬೇಕು. ಸಾಧ್ಯವಿಲ್ಲವಾದರೆ ಕಾರಣವನ್ನು ಬರಹದಲ್ಲಿ, ಕನ್ನಡದಲ್ಲಿ ತಿಳಿಸಬೇಕು."

ಕೆಳಗೆ ಸಹಿ, ಫೋನ್ ನಂಬರ್. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ದಿನಾಂಕ ಹಾಕಿಸಿ ವಾಪಸು ತನ್ನಿ. ಸೀಲು ಹಾಕಲು ಹಿಂದೆಮುಂದೆ ನೋಡಿದರೆ ಜಗಳಾಡದೆ ನೇರ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ರಶೀದಿ ಇಟ್ಟುಕೊಳ್ಳಿ. ಒಂದು ತಿಂಗಳಾದರೂ ಉತ್ತರವಿಲ್ಲದಿದ್ದರೆ ಆ ಅರ್ಜಿ ಎಲ್ಲಿಗೆ ಬಂತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ ಹತ್ತು ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ, 30 ದಿನದೊಳಗೆ ಉತ್ತರ ಕೊಡಬೇಕು.